ನೆಲಗಡಲೆಯ ಎಲೆ ಮಡಿಸಿದಾಗ

ಉಳ್ಳಾರ್ತಿ ಕಾವಲ್ ಎಂಬುದು ಹಿಂದೆ ಅಮೃತಮಹಲ್ ರಾಸುಗಳ ಮೇವಿಗೆಂದು ಕಾದಿರಿಸಿದ ಹುಲ್ಲುಗಾವಲು. ಅದರ ನೆಲ ಈ ಶತಮಾನದಲ್ಲಿ ದೊಡ್ಡ ಸಂಸ್ಥೆಗಳ ಪಾಲಾದುದು ಬೇರೆಯ ಕಥೆ. ನಾವು ಈ ತಿಂಗಳು ಹೇಳಹೊರಟಿರುವುದು ಆ ಸೀಮೆಯ ಕೆಂಪು ಹೊಲಗಳ ನೆಲಗಡಲೆಯ ವಿಷಯ. ಚಳ್ಳಕೆರೆಗೆ ಎಣ್ಣೆಯ ಊರೆಂಬ ಹೆಸರನ್ನು ತಂದುಕೊಟ್ಟುದು ಈ ಬೆಳೆಯೇ. ಮಳೆ ಮುನಿಸಿಕೊಂಡು ನೆಲ ಒಣಗಿದಾಗ ಅದರ ಎಲೆಗಳು ನಡುಹಗಲಿನಲ್ಲಿ ಮಡಿಸಿಕೊಳ್ಳುತ್ತವೆ. ಕಂಡವರು ಗಿಡ ಸೋತಿತೆನ್ನುತ್ತಾರೆ. ಅದು ಸೋತಿಲ್ಲ, ಕೆಲಸದಲ್ಲಿದೆ.

ಗಿಡದ ಒಂದೊಂದು ಜೀವಕೋಶದಲ್ಲಿಯೂ ವಂಶವಾಹಿಗಳ ಇಡೀ ಗ್ರಂಥವಿರುತ್ತದೆ. ಆದರೆ ಎಲ್ಲ ಅಧ್ಯಾಯಗಳೂ ಏಕಕಾಲಕ್ಕೆ ಪಾರಾಯಣವಾಗುವುದಿಲ್ಲ. ವ್ಯಾಕರಣ ಬಲ್ಲವರಿಗೆ ಉತ್ಸರ್ಗ, ಅಪವಾದಗಳು ಪರಿಚಿತ. ಸಾಮಾನ್ಯವಿಧಿ ನಡೆಯುತ್ತಿರುವಲ್ಲಿ ವಿಶೇಷ ನಿಮಿತ್ತ ಒದಗಿದರೆ ಅಪವಾದವು ಅದನ್ನು ತಡೆದು ತಾನು ನಿಲ್ಲುತ್ತದೆ. ಬೆಳೆಯುವುದು ಗಿಡದ ಉತ್ಸರ್ಗ. ಬರ ಅದಕ್ಕೆ ನಿಮಿತ್ತ. ನೀರು ಸಾಲದಾದಾಗ ಗಿಡದಲ್ಲಿ ಅಬ್ಸಿಸಿಕ್ ಆಮ್ಲವೆಂಬ ರಸ ಹೆಚ್ಚುತ್ತದೆ. ಇದನ್ನು ಹಿಡಿಯುವ ಗ್ರಾಹಕ ಪ್ರೋಟೀನುಗಳನ್ನು ಅಮೆರಿಕ, ಜರ್ಮನಿಗಳ ವಿಜ್ಞಾನಿಗಳು 2009ರಲ್ಲಿ ಗುರುತಿಸಿದರು. ಅವುಗಳ ಕ್ರಮ ಸೊಗಸಾದುದು. ಬರದ ವಿಧಿಯನ್ನು ನಡೆಸತಕ್ಕ ಕಿಣ್ವವನ್ನು ಮತ್ತೊಂದು ಕಿಣ್ವವು ಕಟ್ಟಿಹಾಕಿರುತ್ತದೆ. ಆಮ್ಲವನ್ನು ಹಿಡಿದ ಗ್ರಾಹಕವು ಹೋಗಿ ಈ ಕಾವಲುಗಾರನನ್ನೇ ಹಿಡಿದುಕೊಳ್ಳುತ್ತದೆ. ಬಿಡುಗಡೆಗೊಂಡ ಕಿಣ್ವವು ಎಲೆಯ ರಂಧ್ರಗಳನ್ನು ಮುಚ್ಚಿಸಿ, ಕೋಶಕೇಂದ್ರದಲ್ಲಿ ಸುಮ್ಮನಿದ್ದ ವಂಶವಾಹಿಗಳನ್ನು ಎಬ್ಬಿಸುತ್ತದೆ. ಒಣಗುವ ಕೋಶವನ್ನು ಕಾಪಾಡುವ ಪ್ರೋಟೀನುಗಳು ಆಗ ಹುಟ್ಟುತ್ತವೆ. ಇಂತಹ ವಂಶವಾಹಿಗಳು ಒಂದೆರಡಲ್ಲ: ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು 2017ರಲ್ಲಿ ಪ್ರಕಟಿಸಿದ ರಾಗಿಯ ಗ್ರಂಥದಲ್ಲಿ, ಎಂ.ಎಲ್. 365 ಎಂಬ ಒಂದೇ ತಳಿಯಲ್ಲಿ, ಬರಕ್ಕೆ ಓಗೊಡುವವೇ 2,800ಕ್ಕೆ ಮೀರಿ ಸಿಕ್ಕಿವೆ.

ನೆಲಗಡಲೆಗೆ ಬರ ಯಾವಾಗ ಬಂದಿತೆಂಬುದು ಮುಖ್ಯ. ಬಿತ್ತಿದ 20ರಿಂದ 50 ದಿನಗಳೊಳಗೆ ನೀರು ತುಸು ಕಡಮೆಯಾಗಿ, ಅನಂತರ ಹದವಾಗಿ ದೊರೆತರೆ ಇಳುವರಿ ಕುಗ್ಗದೆ ಕೆಲವೊಮ್ಮೆ ಹೆಚ್ಚುವುದೂ ಉಂಟೆಂದು ಹೈದರಾಬಾದಿನ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯ ಪ್ರಯೋಗಗಳು ತೋರಿಸಿವೆ. ಆದುದರಿಂದ ಆ ದಿನಗಳಲ್ಲಿ ಎಲೆ ಮಡಿಸಿದೊಡನೆ ಎದೆಗುಂದಬೇಕಾದುದಿಲ್ಲ.

ಕಾಯಿ ಬಲಿಯುವಾಗಿನ ಬರ ಹಾಗಲ್ಲ. ಬೂಷ್ಟು ತಾಕಿದರೆ ಬೀಜವು ತನ್ನ ವಂಶವಾಹಿಗಳನ್ನು ಎಬ್ಬಿಸಿ, ಸ್ಟಿಲ್ಬೀನ್ ಜಾತಿಯ ರಕ್ಷಕದ್ರವ್ಯಗಳನ್ನು ತಯಾರಿಸಿಕೊಳ್ಳಬಲ್ಲದು. ಆದರೆ ಆ ಪಾರಾಯಣಕ್ಕೂ ಬೀಜದೊಳಗೆ ನೀರು ಬೇಕು. ಮಣ್ಣು ಒಣಗಿ ಕಾದಾಗ ಈ ಶಕ್ತಿ ಉಡುಗುತ್ತದೆ. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟಿಗಾದರೋ ಆ ಕಾವೇ ಅನುಕೂಲ. ಅದು ಸ್ರವಿಸುವ ಅಫ್ಲಟಾಕ್ಸಿನ್ ಯಕೃತ್ತಿಗೆ ವಿಷ, ಹುರಿದರೂ ಪೂರ್ಣವಾಗಿ ನಾಶವಾಗದು. ಕಡೆಯ ಮಳೆ ತಪ್ಪಿದ ವರ್ಷ ಮನೆಗೆ ಬಂದ ಬೀಜವನ್ನು ಗೃಹಿಣಿಯರು ಮೊರದಲ್ಲಿ ಹರವಿ, ಮುರುಟಿದ, ಬಣ್ಣಗೆಟ್ಟ, ಬೂಷ್ಟು ಹಿಡಿದ ಕಾಳುಗಳನ್ನು ಚಟ್ನಿಪುಡಿಗೆ ಸೇರದಂತೆ ಆರಿಸಿ ತೆಗೆಯತಕ್ಕದ್ದು. ಅಂತಹುವನ್ನು ದನಕ್ಕೆ ಹಾಕುವ ಮಿತವ್ಯಯವೊಂದಿದೆ. ಹಸು ತಿಂದ ಆ ವಿಷ ರೂಪ ಬದಲಿಸಿ ಹಾಲಿಗೂ ಇಳಿಯುತ್ತದೆ.