ಕಂಪ್ಯೂಟರ್ ಹಳತಾಯಿತು ಎನ್ನುವ ಮೊದಲು ಮೀಟರ್ ನೋಡೋಣ



"ಟೀಚರ್, ಈ ಕಂಪ್ಯೂಟರ್ ಹಳತು, ಏನು ಮಾಡಿದರೂ ನಿಧಾನ." ನಮ್ಮ ಲ್ಯಾಬಿನಲ್ಲಿ ಈ ಮಾತು ಕೇಳದ ವಾರವಿಲ್ಲ. ಕಳೆದ ವರ್ಷ ಇಬ್ಬರು ಮಕ್ಕಳು ಅಕ್ಕಪಕ್ಕದ ಎರಡು ಕಂಪ್ಯೂಟರ್‌ಗಳಲ್ಲಿ ಒಂದು ದೊಡ್ಡ ಕೋಷ್ಟಕದ ಸಂಖ್ಯೆಗಳನ್ನು ಕೂಡಿಸುವ ಪ್ರೋಗ್ರಾಂ ಬರೆದರು. ಉತ್ತರ ಎರಡರಲ್ಲೂ ಒಂದೇ. ಆದರೆ ಒಂದು ಬೇಗ ಮುಗಿಯಿತು, ಇನ್ನೊಂದು ಎಳೆಯುತ್ತಾ ಹೋಯಿತು. "ಆ ಮೆಷಿನ್ ಹೋಯ್ತು ಮಕ್ಕಳೇ" ಎಂದು ನಾನೂ ಯೋಚಿಸದೆ ಹೇಳಿಬಿಟ್ಟೆ. ಆಮೇಲೆ ಪ್ರೋಗ್ರಾಂಗಳನ್ನು ಅದಲು ಬದಲು ಮಾಡಿ ನೋಡಿದರೆ, ನಿಧಾನವೂ ಪ್ರೋಗ್ರಾಂ ಜೊತೆಗೇ ಆಚೆ ಹೋಯಿತು! ತಪ್ಪು ಮೆಷಿನಿನದ್ದಲ್ಲ. ಅಳೆಯದೆ ತೀರ್ಪು ಕೊಟ್ಟ ನನ್ನದು.

ಆದದ್ದು ಇಷ್ಟೇ. ಒಬ್ಬಳು ಸಾಲು ಸಾಲಾಗಿ ಕೂಡಿಸಿದ್ದಳು, ಇನ್ನೊಬ್ಬ ಕಂಬ ಕಂಬವಾಗಿ. ಸಿ ಭಾಷೆಯಲ್ಲಿ ಒಂದು ಸಾಲಿನ ಸಂಖ್ಯೆಗಳು ಮೆಮೊರಿಯಲ್ಲಿ ಪಕ್ಕಪಕ್ಕ ಕೂತಿರುತ್ತವೆ. ಪ್ರೊಸೆಸರ್ ಮೆಮೊರಿಯಿಂದ ತರುವಾಗ ಒಂದೇ ಸಂಖ್ಯೆ ತರುವುದಿಲ್ಲ. ಸಾಮಾನ್ಯವಾಗಿ 64 ಬೈಟ್, ಅಂದರೆ 4 ಬೈಟಿನ 16 ಸಂಖ್ಯೆ ಒಟ್ಟಿಗೆ ತಂದು ತನ್ನ ಹತ್ತಿರದ ಕ್ಯಾಶ್‌ನಲ್ಲಿ ಇಟ್ಟುಕೊಳ್ಳುತ್ತದೆ. ಸಾಲಿನಲ್ಲಿ ಹೋದರೆ 16ನ್ನೂ ಬಳಸುತ್ತೇವೆ. ಕಂಬದಲ್ಲಿ ಹೋದರೆ ಒಂದನ್ನು ಬಳಸಿ ಮುಂದಿನದಕ್ಕೆ ಮತ್ತೆ ದೂರ ಓಡುತ್ತೇವೆ. ಅಡುಗೆಗೆ ಬೇಕಾದ್ದನ್ನೆಲ್ಲ ಒಮ್ಮೆಗೇ ಅಟ್ಟದಿಂದ ಇಳಿಸಿಕೊಳ್ಳದೆ, ಒಂದೊಂದು ಚಮಚಕ್ಕೂ ಏಣಿ ಹತ್ತಿದ ಹಾಗೆ. ಕ್ಯಾಶ್‌ನಲ್ಲಿ ಸಿಗದೆ ಮುಖ್ಯ ಮೆಮೊರಿಗೆ ಹೋದರೆ ಸುಮಾರು 100 ನ್ಯಾನೋಸೆಕೆಂಡ್ ಬೇಕಾಗಬಹುದು. 3 ಗಿಗಾಹರ್ಟ್ಸ್ ಪ್ರೊಸೆಸರಿಗೆ ಅದು 300 ಗಡಿಯಾರ ಬಡಿತ.

ಇದನ್ನು ಊಹಿಸಬೇಕಾಗಿಲ್ಲ, ಎಣಿಸಬಹುದು. ಪ್ರೊಸೆಸರ್ ಒಳಗೇ ಎಣಿಕೆಯ ಮೀಟರ್‌ಗಳಿವೆ: ಎಷ್ಟು ಬಡಿತ ಆಯಿತು, ಎಷ್ಟು ಆಜ್ಞೆ ಮುಗಿಯಿತು, ಎಷ್ಟು ಸಲ ಕ್ಯಾಶ್ ತಪ್ಪಿತು. ಇಂಟೆಲ್‌ನ 1993ರ ಪೆಂಟಿಯಂನಲ್ಲೇ ಇಂಥ ಎರಡು ಕೌಂಟರ್ ಇದ್ದವು. ನೀವು "ಹಳತು" ಎಂದು ದೂರುವ ಕಂಪ್ಯೂಟರಿನಲ್ಲೂ ಇವೆ. ದುಡ್ಡು ಕೊಟ್ಟು ತರಬೇಕಾದ ಉಪಕರಣವಲ್ಲ.

ಲಿನಕ್ಸ್‌ನ 'ಪರ್ಫ್' ಇಡೀ ಪ್ರೋಗ್ರಾಂನ ಮೊತ್ತ ಹೇಳುತ್ತದೆ. ಆದರೆ ತಪ್ಪು ಯಾವ ಫಂಕ್ಷನ್‌ನಲ್ಲಿ ಎಂದು ಖಚಿತವಾಗಿ ತಿಳಿಯಬೇಕಾದರೆ? ಅದಕ್ಕೆ ಇಬಿಪಿಎಫ್ ಎಂಬ ದಾರಿ ಇದೆ. ನಾವು ಬರೆದ ಪುಟ್ಟ ಪ್ರೋಗ್ರಾಂ ಲಿನಕ್ಸ್ ಕರ್ನಲ್ ಒಳಗೇ ಕೂರುತ್ತದೆ. ಕೂರಿಸುವ ಮೊದಲು ಕರ್ನಲ್ ಅದನ್ನು ತಪಾಸಣೆ ಮಾಡುತ್ತದೆ: ಕೊನೆಗೆ ನಿಲ್ಲುತ್ತದೆಯಾ, ಮುಟ್ಟಬಾರದ ಮೆಮೊರಿ ಮುಟ್ಟುತ್ತದೆಯಾ? ಪಾಸಾದರೆ ಮಾತ್ರ ಒಳಗೆ. ಹೀಗೆ ಒಳಗಿಂದಲೇ ಕೌಂಟರ್ ಓದುವ ಸೌಲಭ್ಯ ಬಂದದ್ದು 2015ರ ಲಿನಕ್ಸ್ 4.3ರಲ್ಲಿ. ಫಂಕ್ಷನ್ ಶುರುವಾಗುವಾಗ ಒಮ್ಮೆ ಓದು, ಮುಗಿಯುವಾಗ ಒಮ್ಮೆ ಓದು, ಕಳೆ. ಮನೆಯ ಕರೆಂಟ್ ಮೀಟರ್ ಓದುವವರು ಮಾಡುವುದೂ ಇದನ್ನೇ ಅಲ್ವಾ?

"ಹೈಸ್ಕೂಲ್ ಮಕ್ಕಳಿಗೆ ಇದೆಲ್ಲ ಯಾಕೆ ಟೀಚರ್?" ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ನನ್ನ ಉತ್ತರ: ಮೀಟರ್ ಓದುವುದಕ್ಕಿಂತ, ಮೀಟರನ್ನು ಎಷ್ಟು ನಂಬಬೇಕು ಎಂದು ಕಲಿಯಲು. ವರ್ನಿಯರ್ ಕ್ಯಾಲಿಪರ್ಸ್ ಹಿಡಿದಾಗ ಶೂನ್ಯ ದೋಷ ನೋಡಿದ ಮೇಲೆ ತಾನೇ ಅಳತೆ? ಇಲ್ಲೂ ಹಾಗೆಯೇ.

ಒಂದನೆಯದು, ಕೌಂಟರ್‌ಗಳು ಕೆಲವೇ. ನಾವು ಹೆಚ್ಚು ವಿಷಯ ಕೇಳಿದರೆ ಕರ್ನಲ್ ಸರದಿಯಲ್ಲಿ ಎಣಿಸುತ್ತದೆ. ಒಬ್ಬನೇ ಹುಡುಗ ರಸ್ತೆ ಬದಿ ನಿಂತು ಅರ್ಧ ಗಂಟೆ ಬಸ್ಸು, ಅರ್ಧ ಗಂಟೆ ಲಾರಿ ಎಣಿಸಿ, ಎರಡನ್ನೂ ದುಪ್ಪಟ್ಟು ಮಾಡಿದ ಹಾಗೆ. 2018ರ ಲಿನಕ್ಸ್ 4.15ರಿಂದ ಇಬಿಪಿಎಫ್ ಪ್ರೋಗ್ರಾಂಗೆ ಮೂರು ಸಂಖ್ಯೆ ಒಟ್ಟಿಗೆ ಸಿಗುತ್ತವೆ: ಎಣಿಕೆ, ಎಣಿಸಲು ಕೇಳಿದ್ದ ಸಮಯ, ನಿಜಕ್ಕೂ ಎಣಿಸಿದ ಸಮಯ. 10 ಮಿಲಿಸೆಕೆಂಡ್ ಕೇಳಿ, 5 ಮಿಲಿಸೆಕೆಂಡ್ ಮಾತ್ರ ಎಣಿಸಿ 6,00,000 ಬಂದರೆ, ಅಂದಾಜು 12,00,000. ಇದು ಅಂದಾಜು, ಎಣಿಕೆ ಅಲ್ಲ. ಹಾಗೆಂದೇ ಬರೆಯಬೇಕು.

ಎರಡನೆಯದು, ಅಳೆಯುವುದೇ ಅಳತೆಯನ್ನು ಕದಡುತ್ತದೆ. ಒಂದು ಚಮಚ ಬಿಸಿನೀರಿಗೆ ಥರ್ಮಾಮೀಟರ್ ಅದ್ದಿದರೆ ಅದೇ ಸ್ವಲ್ಪ ಶಾಖ ಹೀರುತ್ತದೆ. ನಮ್ಮ ಪ್ರೋಗ್ರಾಂನ ಆಜ್ಞೆಗಳೂ ಲೆಕ್ಕಕ್ಕೆ ಸೇರಬಹುದು. ತೀರಾ ಚಿಕ್ಕ ಫಂಕ್ಷನ್ ಅಳೆದರೆ ಸಿಗುವುದು ಹೆಚ್ಚಾಗಿ ನಮ್ಮದೇ ಭಾರ. ಆದ್ದರಿಂದ ಏನೂ ಮಾಡದ ಖಾಲಿ ಫಂಕ್ಷನ್ ಒಂದನ್ನು ಮೊದಲು ಅಳೆಯಿರಿ.

ಇನ್ನೊಂದು ಮಾತು. ಕೌಂಟರ್ ನೋಡಿ ಬೇರೆಯವರ ಕೆಲಸದ ಸುಳಿವು ಹಿಡಿಯಲೂ ಸಾಧ್ಯ. ಅದಕ್ಕೇ ಲಿನಕ್ಸ್ ಇದನ್ನು ಎಲ್ಲರಿಗೂ ಬಿಟ್ಟುಕೊಡುವುದಿಲ್ಲ. ಲ್ಯಾಬಿನಲ್ಲಿ ಟೀಚರ ಎದುರೇ ಮಾಡಿ.

ಕೇರಳದ ನಮ್ಮ ಶಾಲೆಗಳ ಲ್ಯಾಬಿನಲ್ಲಿ ಲಿನಕ್ಸ್ ಇದೆ. ಗಡಿಯಾಚೆಯ ಬೇರೆ ಕನ್ನಡ ಶಾಲೆಗಳವರೂ ಉಚಿತವಾಗಿ ಹಾಕಿಸಿಕೊಳ್ಳಬಹುದು. ಮೊದಲು ಬರೀ 'ಪರ್ಫ್' ಸಾಕು, ಇಬಿಪಿಎಫ್ ಆಮೇಲೆ. 4096 ಸಾಲು, 4096 ಕಂಬದ ಕೋಷ್ಟಕವನ್ನು ಎರಡೂ ರೀತಿ ಕೂಡಿಸಿ, ಕ್ಯಾಶ್ ತಪ್ಪಿದ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ.

"ಹಳತು", "ನಿಧಾನ", "ಇವರಿಂದ ಆಗದು" ಎಂಬ ತೀರ್ಪುಗಳನ್ನು ಯಂತ್ರಗಳು ಮಾತ್ರ ಕೇಳುವುದಲ್ಲ. ಗಡಿಯ ಸಣ್ಣ ಕನ್ನಡ ಶಾಲೆಯ ಮಕ್ಕಳಾದ ನೀವೂ ಕೇಳಿದ್ದೀರಿ. ಅಂಥ ಮಾತು ಬಂದಾಗ ಸಿಟ್ಟಾಗಬೇಡಿ. "ಹೇಗೆ ಗೊತ್ತು? ಅಳೆದು ನೋಡಿದ್ದೀರಾ?" ಎಂದು ಮೆಲ್ಲಗೆ ಕೇಳಿ. ನನ್ನನ್ನೂ ಕೇಳಬಹುದು.