ನಾಲ್ಕೂ ಚಕ್ರ ಎಳೀಬೇಕಾ?

ಡಿಸೆಂಬರ್‌ನಲ್ಲಿ ಅಪ್ಪ-ಅಮ್ಮ ಮೊಮ್ಮಗಳನ್ನು ನೋಡೋಕೆ ಮಿನಿಯಾಪೊಲಿಸ್‌ಗೆ ಬರ್ತಿದ್ದಾರೆ. ನಾಲ್ಕು ಜನ ದೊಡ್ಡವರು, ಮಗುವಿನ ಸೀಟು, ಅಮ್ಮನ ಹಪ್ಪಳ-ಉಪ್ಪಿನಕಾಯಿಯ ಸೂಟ್‌ಕೇಸುಗಳು. ನಮ್ಮ ಸಣ್ಣ ಕಾರು ಸಾಲಲ್ಲ. ಟೊಯೋಟಾ ಸಿಯೆನ್ನಾ ವ್ಯಾನ್ ತಗೊಳ್ಳೋದು ಅಂತ ಆಯ್ತು. ಉಳಿದ ಪ್ರಶ್ನೆ ಒಂದೇ: ಮುಂದಿನ ಎರಡು ಚಕ್ರದ ಡ್ರೈವ್ ಸಾಕೋ, ಆಲ್ ವೀಲ್ ಡ್ರೈವ್ ಬೇಕೋ?

"ನಾಲ್ಕೂ ಚಕ್ರ ಎಳೆಯೋದೇ ತಗೋ ಮಾರಾಯ, ಹಿಮದ ಊರು" ಅಂದ್ರು ಅಪ್ಪ, ತೀರ್ಥಹಳ್ಳಿಯಿಂದ. ಅವರದ್ದು ಓಮ್ನಿ ಅನುಭವ. ಓಮ್ನಿಗೆ ಹಿಂದಿನ ಚಕ್ರದ ಡ್ರೈವ್. ಮಳೆಗಾಲದಲ್ಲಿ ತೋಟದ ಏರಿನ ಕೆಸರಲ್ಲಿ ಖಾಲಿ ಗಾಡಿಯ ಚಕ್ರ ನಿಂತಲ್ಲೇ ಸುತ್ತುತ್ತಿತ್ತು. ಹಿಂದೆ ಎರಡು ಗೊಬ್ಬರದ ಮೂಟೆ ಹಾಕಿದ್ರೆ ಹತ್ತುತ್ತಿತ್ತು. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದ್ದು ನಾನು, ಘರ್ಷಣೆಯ ಪಾಠ ಮಾತ್ರ ಅವರದ್ದು.

2021ರಿಂದ ಸಿಯೆನ್ನಾ ಹೈಬ್ರಿಡ್ ಆಗಿ ಮಾತ್ರ ಬರುತ್ತೆ. ಆಲ್ ವೀಲ್ ಡ್ರೈವ್ ಬೇಕಂದ್ರೆ ಹಿಂದಿನ ಚಕ್ರಗಳಿಗೆ ಪ್ರತ್ಯೇಕ ಎಲೆಕ್ಟ್ರಿಕ್ ಮೋಟರ್ ಇರುತ್ತೆ. ಮುಂದಿನಿಂದ ಹಿಂದಕ್ಕೆ ಹೋಗುವ ಉದ್ದನೆಯ ಶಾಫ್ಟ್ ಇಲ್ಲ. ಮೈಲೇಜ್ ನಷ್ಟವೂ ಅಷ್ಟಕ್ಕಷ್ಟೇ. 2021ರ ಮಾಡೆಲ್‌ಗೆ ಇಲ್ಲಿನ ಸರ್ಕಾರಿ ಅಂಕಿ ಗ್ಯಾಲನ್‌ಗೆ 36 ಮೈಲಿ ಇದ್ದದ್ದು 35ಕ್ಕೆ ಇಳಿಯುತ್ತೆ. ನಾನೂ ಹೆಚ್ಚುಕಮ್ಮಿ ಒಪ್ಪಿಬಿಟ್ಟಿದ್ದೆ.

ಆಗ ನೆನಪಾಗಿದ್ದು ಕಳೆದ ಜನವರಿ. ಗೆಳೆಯನ ಆಲ್ ವೀಲ್ ಡ್ರೈವ್ ಕಾರು ಹಿಮದ ಏರನ್ನು ಜಂಬದಿಂದ ಹತ್ತಿತು. ಐದು ನಿಮಿಷದ ಮೇಲೆ ಕೆಂಪು ಸಿಗ್ನಲ್. ಅವನು ಬ್ರೇಕ್ ಒತ್ತಿದ, ಎಬಿಎಸ್ ಕಟಕಟ ಅಂತು, ಕಾರು ಜಾರುತ್ತಾ ಹೋಗಿ ಅಡ್ಡರಸ್ತೆಯ ಮಧ್ಯೆ ನಿಂತಿತು. ಪುಣ್ಯಕ್ಕೆ ಯಾರೂ ಬರಲಿಲ್ಲ.

ಬ್ರೇಕ್ ಎಲ್ಲ ಕಾರಿನಲ್ಲೂ ನಾಲ್ಕು ಚಕ್ರಕ್ಕೇ ಇರೋದು. ಆಲ್ ವೀಲ್ ಡ್ರೈವ್ ಹೊರಡೋಕೆ ಸಹಾಯ ಮಾಡುತ್ತೆ, ನಿಲ್ಲಿಸೋದು ಟೈರಿನ ಹಿಡಿತ. ಸುಮಾರು 7 ಡಿಗ್ರಿಗಿಂತ ಕೆಳಗೆ ಮಾಮೂಲಿ ಟೈರಿನ ರಬ್ಬರ್ ಗಟ್ಟಿಯಾಗ್ತಾ ಹೋಗುತ್ತೆ. ಚಳಿಗಾಲದ ಟೈರು ಮೆತ್ತಗೇ ಉಳಿಯುತ್ತೆ. ಇನ್ನೊಂದು ವಿಷಯ: ಎರಡು ಚಕ್ರದ ಗಾಡಿ ಹೊರಡುವಾಗಲೇ ಸ್ವಲ್ಪ ಜಾರಿ "ಹುಷಾರು" ಅನ್ನುತ್ತೆ. ನಾಲ್ಕು ಚಕ್ರದ್ದು ಆ ಸುಳಿವು ಕೊಡೋದೇ ಅಪರೂಪ.

ಹಾಗಾಗಿ ಮುಂದಿನ ಚಕ್ರದ ವ್ಯಾನು, ಉಳಿದ ದುಡ್ಡಲ್ಲಿ ನಾಲ್ಕು ಚಳಿಗಾಲದ ಟೈರು. ವರ್ಷಕ್ಕೆ ಎರಡು ಸಲ ಬದಲಾಯಿಸೋ ರಗಳೆ ಇದೆ, ಗ್ಯಾರೇಜಿನ ಒಂದು ಮೂಲೆಯೂ ಹೋಯ್ತು. ಡುಲೂತ್‌ನಂಥ ಗುಡ್ಡದ ಊರಲ್ಲಿದ್ದಿದ್ರೆ ಎರಡೂ ತಗೋತಿದ್ದೆ. ನಮ್ಮ ಬಡಾವಣೆ ಚಪ್ಪಟೆ.

ಅಪ್ಪನಿಗೆ ಹೇಳಿದೆ. "ಸಿಕ್ಕಿಕೊಂಡ್ರೆ ಹಿಂದೆ ಮೂಟೆ ಹಾಕ್ತೀಯಾ?"

"ಇಲ್ಲಪ್ಪ, ಇದು ಮುಂದಿನ ಚಕ್ರದ್ದು. ಭಾರ ಮುಂದೆ ಬೇಕು."

"ಸರಿ ಹಾಗಾದ್ರೆ, ನಾನು ಮುಂದಿನ ಸೀಟಲ್ಲೇ ಕೂರ್ತೀನಿ."