ಎದೆಯುರಿ ಏಕೆ ಬರುತ್ತದೆ?

ಹನಗೋಡಿನ ಸುತ್ತಮುತ್ತ ತಂಬಾಕು ಹದ ಮಾಡುವ ಕಾಲದಲ್ಲಿ ರೈತರ ಊಟಕ್ಕೆ ಹೊತ್ತುಗೊತ್ತಿರುವುದಿಲ್ಲ. ಬ್ಯಾರನ್ನಿನ ಬೆಂಕಿ ರಾತ್ರಿಯಿಡೀ ಆರದಂತೆ ನೋಡಿಕೊಳ್ಳಬೇಕು. ನಡುರಾತ್ರಿ ಹೊಟ್ಟೆ ತುಂಬ ಮುದ್ದೆ, ಖಾರದ ಸಾರು ಉಂಡು, ಬೀಡಿ ಸೇದಿ, ಅಲ್ಲೇ ಚಾಪೆಯ ಮೇಲೆ ಅಡ್ಡಾಗುವವರುಂಟು. ಸ್ವಲ್ಪ ಹೊತ್ತಿಗೆಲ್ಲ ಎದೆಯ ನಡುವೆ ಉರಿ, ಬಾಯಿಗೆ ಹುಳಿನೀರು. ‘ಗ್ಯಾಸ್ ಟ್ರಬಲ್’ ಎಂದುಕೊಂಡು ಸೋಡ ಕುಡಿಯುತ್ತಾರೆ.

ನಿಜವಾದ ಕಾರಣ ಬೇರೆ. ಆಹಾರ ಅರಗಿಸಲು ಜಠರವು ಹೈಡ್ರೋಕ್ಲೋರಿಕ್ ಆಮ್ಲವನ್ನು ಸ್ರವಿಸುತ್ತದೆ. ಜಠರದ ಒಳಗೋಡೆಗೆ ಲೋಳೆಯ ಲೇಪವಿರುವುದರಿಂದ ಅದಕ್ಕೆ ಹಾನಿಯಿಲ್ಲ. ಅನ್ನನಾಳಕ್ಕೆ ಅಷ್ಟು ರಕ್ಷಣೆಯಿಲ್ಲ. ಇವೆರಡೂ ಕೂಡುವಲ್ಲಿ ಸ್ನಾಯುವಿನ ಬಳೆಯೊಂದಿದೆ. ನುಂಗುವಾಗ ತೆರೆದು ಕೂಡಲೇ ಮುಚ್ಚಿಕೊಳ್ಳುವುದು ಅದರ ಕೆಲಸ. ಅವೇಳೆಯಲ್ಲಿ ಅದು ಸಡಿಲಗೊಂಡರೆ ಆಮ್ಲ ಮೇಲೇರಿ ಅನ್ನನಾಳವನ್ನು ಸುಡುತ್ತದೆ. ಬಹುಪಾಲು ಜನರಲ್ಲಿ ತೊಂದರೆ ಆಮ್ಲ ಹೆಚ್ಚಾದುದರಿಂದಲ್ಲ, ಅದು ದಾರಿ ತಪ್ಪಿದುದರಿಂದ.

ತಂಬಾಕಿನ ನಿಕೋಟಿನ್ ಈ ಬಳೆಯನ್ನು ಸಡಿಲಿಸುತ್ತದೆ. ಮದ್ಯವೂ ಅಷ್ಟೆ. ಬೊಜ್ಜು ಮತ್ತು ಬಸಿರು ಹೊಟ್ಟೆಯ ಒತ್ತಡವನ್ನು ಹೆಚ್ಚಿಸುತ್ತವೆ. ಕುಳಿತಾಗ, ನಿಂತಾಗ ಗುರುತ್ವಾಕರ್ಷಣೆ ಆಮ್ಲವನ್ನು ಕೆಳಗೆ ಹಿಡಿದಿಡುತ್ತದೆ. ಮಲಗಿದಾಗ ಆ ನೆರವೂ ತಪ್ಪುತ್ತದೆ. ಸೋಡದ ಅನಿಲವಂತೂ ಜಠರವನ್ನು ಉಬ್ಬಿಸಿ, ತೇಗಿನೊಡನೆ ಆಮ್ಲವನ್ನೂ ಮೇಲಕ್ಕೆ ತರುತ್ತದೆ.

ಆದ್ದರಿಂದ ಚಿಕಿತ್ಸೆ ಊಟದ ವೇಳೆಯಿಂದಲೇ ಆರಂಭವಾಗಬೇಕು. ಉಂಡ ಮೇಲೆ 2-3 ಗಂಟೆ ಮಲಗಬಾರದು. ಬ್ಯಾರನ್ ಕಾಯುವವರು ಸಂಜೆ 7ಕ್ಕೇ ಉಣ್ಣುವುದು ಲೇಸು. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ 6-8 ಅಂಗುಲದ ಮರದ ತುಂಡು ಇಡಬೇಕು. ಬರೀ ದಿಂಬು ಏರಿಸಿದರೆ ಹೊಟ್ಟೆ ಮಡಚಿ ಒತ್ತಡ ಹೆಚ್ಚಬಹುದು. ಎಡಮಗ್ಗುಲಿಗೆ ಮಲಗುವುದು ಒಳ್ಳೆಯದು. ಬೀಡಿ ಬಿಡಬೇಕು, ತೂಕ ಹೆಚ್ಚಿದ್ದರೆ ಇಳಿಸಬೇಕು.

ಔಷಧಗಳಲ್ಲಿ ಆಮ್ಲಶಾಮಕ ಮಾತ್ರೆ ಬೇಗ ಶಮನ ಕೊಟ್ಟರೂ ಅದರ ಗುಣ ಹೆಚ್ಚು ಹೊತ್ತು ನಿಲ್ಲದು. 1988ರಲ್ಲಿ ಬಳಕೆಗೆ ಬಂದ ಒಮೆಪ್ರಜೋಲ್ ಆಮ್ಲ ತಯಾರಾಗುವುದನ್ನೇ ತಗ್ಗಿಸುತ್ತದೆ. ಊಟಕ್ಕೆ ಅರ್ಧ ಗಂಟೆ ಮುಂಚೆ ನುಂಗಿದರೆ ಫಲ ಹೆಚ್ಚು. ಆದರೆ ಸಡಿಲಗೊಂಡ ಬಳೆಯನ್ನು ಅದು ಬಿಗಿಗೊಳಿಸದು. ಅಭ್ಯಾಸ ಬದಲಾಗದಿದ್ದರೆ ಮಾತ್ರೆ ನಿಲ್ಲಿಸಿದೊಡನೆ ಉರಿ ಮರಳಬಹುದು. ವೈದ್ಯರನ್ನು ಕೇಳದೆ ವರ್ಷಗಟ್ಟಲೆ ನುಂಗುವುದೂ ಸರಿಯಲ್ಲ.

ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತವಾಂತಿ, ಕಪ್ಪು ಮಲ, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ವೈದ್ಯರ ಬಳಿ ಹೋಗಬೇಕು, ಎಂಡೋಸ್ಕೋಪಿ ಬೇಕಾಗಬಹುದು.

ಇನ್ನೊಂದು ಎಚ್ಚರಿಕೆ. ಎದೆಯಲ್ಲಿ ಹಿಂಡಿದಂತಾಗಿ ಬೆವರು, ಏದುಸಿರು, ತೋಳಿಗೋ ದವಡೆಗೋ ಹರಡುವ ನೋವು ಬಂದರೆ ಅದು ಹೃದಯಾಘಾತವಿರಬಹುದು. ಗ್ಯಾಸ್ ಎಂದು ಬೆಳಗಾಗುವವರೆಗೆ ಕಾಯದೆ, ಹುಣಸೂರಿನ ಆಸ್ಪತ್ರೆಗೆ ಕೂಡಲೇ ಹೋಗಿ ಇ.ಸಿ.ಜಿ. ತೆಗೆಸಬೇಕು.